ಒಂದು ಪೆಟ್ಟಿಗೆ, ಎರಡು ವಯಸ್ಸು: ಸೆಕೆಂಡ್ ಹ್ಯಾಂಡ್ ರಿಸೀವರ್ ಕೊಳ್ಳೋದು ಹೇಗೆ?



ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ 52 ಜನ ತಲಾ 150 ರೂಪಾಯಿ ಹಾಕಿದ್ರು. ಒಟ್ಟು 7,800. ಕಾಮನ್ ರೂಮಿನ ಟಿವಿಗೆ ಒಳ್ಳೆ ಸೌಂಡ್ ಬೇಕು ಅನ್ನೋದು ಎಲ್ಲರ ಆಸೆ. ಶನಿವಾರ ಕನ್ನಡ ಸಿನಿಮಾ ಹಾಕಿದರೆ ಹಿಂದಿನ ಸಾಲಿನವರಿಗೆ ಫ್ಯಾನ್ ಸದ್ದು ಕೇಳಿಸ್ತಿತ್ತೇ ಹೊರತು ಡೈಲಾಗ್ ಕೇಳಿಸ್ತಿರಲಿಲ್ಲ. ಪಾಸ್ ಔಟ್ ಆದ ಸೀನಿಯರ್ ಒಬ್ಬರು ಬಿಟ್ಟುಹೋದ ಎರಡು ಬುಕ್‌ಶೆಲ್ಫ್ ಸ್ಪೀಕರ್ ಸ್ಟೋರ್ ರೂಮಿನಲ್ಲಿ ಧೂಳು ತಿಂತಾ ಇದ್ವು. ಅವಕ್ಕೆ ಒಂದು ಹಳೇ ಹೋಮ್ ಥಿಯೇಟರ್ ರಿಸೀವರ್ ಹುಡುಕಿ ತನ್ನಿ ಅಂತ ನಮ್ಮ ಮೂವರಿಗೆ ದುಡ್ಡು ಕೊಟ್ಟರು. ನಾವು ತಂದ್ವಿ. ಈಗ ಸಿನಿಮಾ ಚೆನ್ನಾಗೇ ಕೇಳಿಸ್ತಿದೆ. ಆದರೆ ಆ ಪೆಟ್ಟಿಗೆ ತರುವಾಗ ನಾವು ಒಂದು ತಪ್ಪು ಮಾಡಿದ್ವಿ, ಅದನ್ನ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಈ ಲೇಖನ ಒಂದು ಕಡೆ ಪಾಠ, ಇನ್ನೊಂದು ಕಡೆ ಆ 52 ಜನಕ್ಕೆ ನಾವು ಒಪ್ಪಿಸಬೇಕಾದ ಲೆಕ್ಕ.

ತಾಂತ್ರಿಕ ಪದಗಳನ್ನ ಇದ್ದ ಹಾಗೇ ಇಟ್ಟಿದ್ದೀವಿ. ಮಾರುವವರ ಹತ್ತಿರ ಮಾತಾಡುವಾಗ ನಿಮಗೆ ಬೇಕಾಗೋದು ಅವೇ ಪದಗಳು.

ರಿಸೀವರ್ ಒಳಗೆ ಏನಿರುತ್ತೆ?

ಹೊರಗಿನಿಂದ ನೋಡಿದರೆ ಅದು ಒಂದು ದೊಡ್ಡ ಕಪ್ಪು ಪೆಟ್ಟಿಗೆ. ಮುಂದೆ ವಾಲ್ಯೂಮ್ ಗುಂಡಿ, ಹಿಂದೆ ಲೆಕ್ಕವಿಲ್ಲದಷ್ಟು ತೂತುಗಳು. ಒಳಗೆ ನಡೆಯೋ ಮುಖ್ಯ ಕೆಲಸ ಮೂರು. ಮೊದಲನೆಯದು, ಟಿವಿ, ಲ್ಯಾಪ್‌ಟಾಪ್, ಗೇಮ್ ಕನ್ಸೋಲ್ ಇವುಗಳಲ್ಲಿ ಯಾವುದರ ಸಿಗ್ನಲ್ ಬೇಕೋ ಅದನ್ನ ಆರಿಸೋದು. ಎರಡನೆಯದು, ಡಾಲ್ಬಿ, ಡಿಟಿಎಸ್ ಥರದ ಕೋಡ್ ಬಿಡಿಸಿ ಯಾವ ಸದ್ದು ಯಾವ ಸ್ಪೀಕರ್‌ಗೆ ಹೋಗಬೇಕು ಅಂತ ಹಂಚೋದು. ಮೂರನೆಯದು, ಆ ಸಣ್ಣ ಸಿಗ್ನಲ್ಲನ್ನ ಸ್ಪೀಕರ್ ಅಲುಗಾಡಿಸುವಷ್ಟು ದೊಡ್ಡದು ಮಾಡೋದು. ಜೊತೆಗೆ ರೇಡಿಯೋ ಕೂಡ ಇರುತ್ತೆ. 'ರಿಸೀವರ್' ಅನ್ನೋ ಹೆಸರು ಬಂದಿದ್ದೇ ಅದರಿಂದ.

ನಾವು ಕಲಿತ ಮುಖ್ಯ ಪಾಠ ಇಷ್ಟೇ: ಈ ಪೆಟ್ಟಿಗೆಗೆ ಒಂದಲ್ಲ, ಎರಡು ವಯಸ್ಸು. ಆಂಪ್ಲಿಫೈಯರ್ ಭಾಗದ ವಯಸ್ಸು ಬೇರೆ, ಡಿಜಿಟಲ್ ಭಾಗದ ವಯಸ್ಸು ಬೇರೆ. ಆಂಪ್ಲಿಫೈಯರ್ ಅಂದ್ರೆ ನಮ್ಮ ಅನಲಾಗ್ ಸಿಲಬಸ್‌ನಲ್ಲಿ ಬರೋ ಕ್ಲಾಸ್ ಎಬಿ ಸರ್ಕ್ಯೂಟೇ. ಹತ್ತು ವರ್ಷದ ಹಿಂದಿನ 80 ವ್ಯಾಟ್ ಇವತ್ತಿಗೂ 80 ವ್ಯಾಟೇ. ಡಿಜಿಟಲ್ ಭಾಗ ಹಾಗಲ್ಲ, ಅದು ಮೊಬೈಲ್ ಫೋನ್ ಇದ್ದ ಹಾಗೆ. ಮೂರ್ನಾಲ್ಕು ವರ್ಷಕ್ಕೊಂದು ಹೊಸ ಸ್ಟ್ಯಾಂಡರ್ಡ್ ಬರುತ್ತೆ, ಹಳೇದು ಹಳೇದಾಗಿಬಿಡುತ್ತೆ.

ಸೆಕೆಂಡ್ ಹ್ಯಾಂಡ್ ಬೆಲೆ ಬೀಳೋದು ಹೆಚ್ಚಾಗಿ ಡಿಜಿಟಲ್ ವಯಸ್ಸಿನಿಂದ. "4ಕೆ ಬರಲ್ಲ, ಅದಕ್ಕೇ ಮಾರ್ತಿದ್ದೀನಿ" ಅಂತಾರಲ್ಲ, ಅದು. ಆದರೆ ನಮ್ಮ ಕಿವಿಗೆ ಬೇಕಾಗಿರೋದು ಆಂಪ್ಲಿಫೈಯರ್. ಅಂದರೆ ಇನ್ನೊಬ್ಬರಿಗೆ ಬೇಡವಾದ ಕಾರಣ ನಮಗೆ ಲೆಕ್ಕಕ್ಕೇ ಬಾರದೆ ಇರಬಹುದು. ಅಲ್ಲೇ ನಮ್ಮಂಥ ಸ್ಟೂಡೆಂಟ್‌ಗಳಿಗೆ ಲಾಭ ಇರೋದು.

ಡಿಜಿಟಲ್ ವಯಸ್ಸು ಓದೋದು ಹೇಗೆ?

ಎಚ್‌ಡಿಎಂಐ ಇತಿಹಾಸದ ನಾಲ್ಕು ಇಸವಿ ನೆನಪಿದ್ದರೆ ಸಾಕು.

2006, ಎಚ್‌ಡಿಎಂಐ 1.3: ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಕೋಡ್‌ಗಳನ್ನ ಇದ್ದ ಹಾಗೇ ರಿಸೀವರ್‌ಗೆ ಕಳಿಸೋಕೆ ಸಾಧ್ಯ ಆಗಿದ್ದು ಇದರಿಂದ.

2009, ಎಚ್‌ಡಿಎಂಐ 1.4: ಎಆರ್‌ಸಿ ಬಂತು. ಟಿವಿಯ ಸದ್ದು ಅದೇ ಎಚ್‌ಡಿಎಂಐ ವೈರಿನಲ್ಲಿ ವಾಪಸ್ ರಿಸೀವರ್‌ಗೆ ಬರುತ್ತೆ. ಟಿವಿಯೊಳಗಿನ ಆ್ಯಪ್‌ನಲ್ಲೇ ಸಿನಿಮಾ ನೋಡುವವರಿಗೆ ಇದು ಬಹಳ ಮುಖ್ಯ.

2013, ಎಚ್‌ಡಿಎಂಐ 2.0: 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಹಾದುಹೋಗುತ್ತೆ. ಆದರೆ ಕಾಪಿ ರಕ್ಷಣೆ ಇರೋ 4ಕೆ ಸಿನಿಮಾಗೆ ಜೊತೆಯಲ್ಲಿ ಎಚ್‌ಡಿಸಿಪಿ 2.2 ಕೂಡ ಇರಬೇಕು. ಅದಿಲ್ಲದಿದ್ದರೆ ಚಿತ್ರ ಬರಲ್ಲ, ಇಲ್ಲಾ ಕಡಿಮೆ ಗುಣಮಟ್ಟದಲ್ಲಿ ಬರುತ್ತೆ.

2017, ಎಚ್‌ಡಿಎಂಐ 2.1: ಇ-ಎಆರ್‌ಸಿ ಬಂತು. ಟಿವಿಯಿಂದ ಲಾಸ್‌ಲೆಸ್ ಸರೌಂಡ್ ಸದ್ದು ವಾಪಸ್ ಬರೋಕೆ ಇದು ಬೇಕು.

ಈ ಮಧ್ಯೆ 2014ರಲ್ಲಿ ಡಾಲ್ಬಿ ಅಟ್ಮಾಸ್ ಮನೆಯ ರಿಸೀವರ್‌ಗಳಿಗೆ ಬಂತು. ತಲೆಯ ಮೇಲಿನ ಸ್ಪೀಕರ್‌ಗೂ ಸದ್ದು ಹಂಚೋ ವಿಧಾನ ಅದು.

ಇಸವಿ ಹೊಸದಾದಷ್ಟೂ ಬೆಲೆ ಏರುತ್ತೆ. ಹಾಗಾಗಿ ಮೊದಲು ನಿಮಗೆ ನೀವೇ ಕೇಳಿಕೊಳ್ಳಿ: ಚಿತ್ರ ರಿಸೀವರ್ ಮೂಲಕವೇ ಹೋಗಬೇಕಾ? ನಮ್ಮ ಕಾಮನ್ ರೂಮಿಗೆ ಬೇಕಿರಲಿಲ್ಲ. ಲ್ಯಾಪ್‌ಟಾಪ್, ಸೆಟ್ ಟಾಪ್ ಬಾಕ್ಸ್ ಎರಡನ್ನೂ ನೇರವಾಗಿ ಟಿವಿಗೆ ಚುಚ್ಚಿ, ಟಿವಿಯಿಂದ ಸದ್ದು ಮಾತ್ರ ರಿಸೀವರ್‌ಗೆ ಕಳಿಸಿದರೆ ಆಯ್ತು. ಆಗ ರಿಸೀವರ್‌ಗೆ 4ಕೆ ಗೊತ್ತಿದೆಯೋ ಇಲ್ವೋ ಅನ್ನೋ ಪ್ರಶ್ನೆಯೇ ಏಳಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳು ಸರೌಂಡ್‌ಗೆ ಸಾಮಾನ್ಯವಾಗಿ ಬಳಸೋದು ಡಾಲ್ಬಿ ಡಿಜಿಟಲ್ ಪ್ಲಸ್. ಅದು ಹಳೇ ಎಆರ್‌ಸಿಯಲ್ಲೇ ಹಾದುಹೋಗುತ್ತೆ, ಅಟ್ಮಾಸ್ ಗೊತ್ತಿಲ್ಲದ ರಿಸೀವರ್ ಅದರಿಂದ 5.1 ಸದ್ದನ್ನ ತೆಗೆದುಕೊಂಡು ನುಡಿಸುತ್ತೆ. ಬ್ಲೂ-ರೇ ಡಿಸ್ಕ್ ಸಂಗ್ರಹ ಇರುವವರು, ಹೊಸ ಕನ್ಸೋಲ್‌ನಲ್ಲಿ ಗೇಮ್ ಆಡುವವರು ಮಾತ್ರ ಹೊಸ ಇಸವಿಗೆ ದುಡ್ಡು ಕೊಡೋದರಲ್ಲಿ ಅರ್ಥ ಇದೆ.

ಒಂದು ಎಚ್ಚರಿಕೆ. ಎಚ್‌ಡಿಎಂಐ ತೂತು ಇದೆ ಅಂದ ಮಾತ್ರಕ್ಕೆ ಖುಷಿಪಡಬೇಡಿ. ಆರಂಭದ ಕೆಲವು ಅಗ್ಗದ ರಿಸೀವರ್‌ಗಳಲ್ಲಿ ಎಚ್‌ಡಿಎಂಐ ಬರೀ ಚಿತ್ರ ದಾಟಿಸುತ್ತೆ, ಸದ್ದಿಗೆ ಬೇರೆ ವೈರ್ ಹಾಕಬೇಕು. ಮಾಡೆಲ್ ನಂಬರ್ ತಗೊಂಡು ಮ್ಯಾನುಯಲ್ ಡೌನ್‌ಲೋಡ್ ಮಾಡಿ ಓದಿ, ಆಮೇಲೆ ಬಸ್ ಹತ್ತಿ.

ಆಂಪ್ಲಿಫೈಯರ್ ವಯಸ್ಸು ಓದೋದು ಹೇಗೆ?

ಟ್ರಾನ್ಸಿಸ್ಟರ್‌ಗಳು ತಮ್ಮ ಮಿತಿಯೊಳಗೆ ಕೆಲಸ ಮಾಡ್ತಿದ್ದರೆ ಸುಲಭಕ್ಕೆ ಸಾಯಲ್ಲ. ಮುದಿಯಾಗೋದು ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತೆ. ಇಲ್ಲಿ ಒಂದು ಸರಳ ನಿಯಮ ಇದೆ: ತಾಪಮಾನ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು.

ಒಂದು ಲೆಕ್ಕ ಮಾಡೋಣ. ಕೆಪ್ಯಾಸಿಟರ್ ಮೇಲೆ 105 ಡಿಗ್ರಿ, 2,000 ಗಂಟೆ ಅಂತ ಬರೆದಿದೆ ಅಂದುಕೊಳ್ಳಿ. ಪೆಟ್ಟಿಗೆಯೊಳಗೆ ಅದು 75 ಡಿಗ್ರಿಯಲ್ಲಿ ಇದ್ದರೆ ಮೂರು ಸಲ ದುಪ್ಪಟ್ಟು, ಅಂದರೆ 16,000 ಗಂಟೆ. ದಿನಕ್ಕೆ 6 ಗಂಟೆ ಓಡಿಸಿದರೆ ಸುಮಾರು 7 ವರ್ಷ. ಅದೇ 55 ಡಿಗ್ರಿಯಲ್ಲಿ ಇದ್ದರೆ ಐದು ಸಲ ದುಪ್ಪಟ್ಟು, 64,000 ಗಂಟೆ, ಸುಮಾರು 29 ವರ್ಷ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಇಸವಿ. ಒಂದಕ್ಕೆ 7, ಇನ್ನೊಂದಕ್ಕೆ 29. ವ್ಯತ್ಯಾಸ ಬರೀ 20 ಡಿಗ್ರಿ.

ಆದ್ದರಿಂದ ಮಾರುವವರಿಗೆ "ಯಾವ ವರ್ಷದ್ದು?" ಅಂತ ಕೇಳೋ ಮೊದಲು "ಎಲ್ಲಿ ಇಟ್ಟಿದ್ರಿ?" ಅಂತ ಕೇಳಿ. ಗಾಜಿನ ಬಾಗಿಲಿನ ಟಿವಿ ಕ್ಯಾಬಿನೆಟ್ ಒಳಗೆ, ಮೇಲೆ ಸೆಟ್ ಟಾಪ್ ಬಾಕ್ಸ್ ಪೇರಿಸಿ ಇಟ್ಟಿದ್ದ 5 ವರ್ಷದ ರಿಸೀವರ್‌ಗಿಂತ, ತೆರೆದ ಶೆಲ್ಫ್ ಮೇಲೆ ಉಸಿರಾಡ್ತಾ ಇದ್ದ 10 ವರ್ಷದ್ದು ವಾಸಿ. ಮೇಲಿನ ಜಾಲರಿ ಮೇಲೆ ಬಣ್ಣ ಕಂದಿದ್ಯಾ, ಧೂಳು ಗಟ್ಟಿಯಾಗಿ ಕೂತಿದ್ಯಾ ನೋಡಿ. ಮೂಗು ಹತ್ತಿರ ತಗೊಂಡು ಹೋಗಿ ಮೂಸಿದರೂ ತಪ್ಪಿಲ್ಲ, ಸುಟ್ಟ ವಾಸನೆ ಸುಳ್ಳು ಹೇಳಲ್ಲ.

ವ್ಯಾಟ್ ಮೋಹ ಬಿಡಿ

ನಾವೂ ಮೊದಲು ಬರೀ ವ್ಯಾಟ್ ನೋಡ್ತಿದ್ವಿ. ಒಂದೇ ರಿಸೀವರ್‌ಗೆ ಒಂದು ಕಡೆ 80 ವ್ಯಾಟ್, ಇನ್ನೊಂದು ಕಡೆ 130 ವ್ಯಾಟ್ ಅಂತ ಬರೆದಿರುತ್ತೆ. ಎರಡೂ ಸುಳ್ಳಲ್ಲ, ಅಳೆದ ರೀತಿ ಬೇರೆ.

80 ವ್ಯಾಟ್ ಅನ್ನೋದು 8 ಓಮ್ ಲೋಡ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್ ಒಟ್ಟಿಗೆ ಓಡಿಸಿ, ಡಿಸ್ಟಾರ್ಷನ್ 0.1 ಶೇಕಡಕ್ಕಿಂತ ಕಡಿಮೆ ಇಟ್ಟು ಅಳೆದದ್ದು. ಈಗ ಲೋಡನ್ನ 6 ಓಮ್ ಮಾಡಿ. ವೋಲ್ಟೇಜ್ ಅಷ್ಟೇ ಇದ್ದರೆ ಪವರ್ 8/6 ಪಟ್ಟು ಆಗುತ್ತೆ, ಅಂದರೆ 107. ಆಮೇಲೆ ಡಿಸ್ಟಾರ್ಷನ್ 10 ಶೇಕಡ ಬಂದರೂ ಪರವಾಗಿಲ್ಲ ಅನ್ನಿ, ಇನ್ನೊಂದು ಕಾಲು ಭಾಗ ಸೇರಿ 130 ದಾಟುತ್ತೆ. 1 ಕಿಲೋಹರ್ಟ್ಸ್‌ನಲ್ಲಿ ಮಾತ್ರ, ಒಂದೇ ಚಾನೆಲ್ ಓಡಿಸಿ ಅಳೆದರಂತೂ ಪವರ್ ಸಪ್ಲೈಗೆ ಕಷ್ಟವೇ ಇಲ್ಲ. ಪೆಟ್ಟಿಗೆ ಅದೇ, ಟ್ರಾನ್ಸ್‌ಫಾರ್ಮರ್ ಅದೇ, ನಂಬರ್ ಮಾತ್ರ ದಪ್ಪ ಆಯ್ತು. ಆ ಒಂದೇ ಟ್ರಾನ್ಸ್‌ಫಾರ್ಮರ್ ಐದು ಅಥವಾ ಏಳು ಚಾನೆಲ್‌ಗೆ ಒಟ್ಟಿಗೆ ಊಟ ಹಾಕುವಾಗ ಪ್ರತಿಯೊಂದಕ್ಕೂ ಸಿಗೋದು ಇನ್ನೂ ಕಡಿಮೆ.

ಸರಿ, 130 ಇದ್ದರೆ ಎಷ್ಟು ಜೋರು? ಡೆಸಿಬಲ್ ವ್ಯತ್ಯಾಸ ಅಂದರೆ ಪವರ್ ಅನುಪಾತದ ಲಾಗ್‌ನ 10 ಪಟ್ಟು. 80ಕ್ಕೂ 130ಕ್ಕೂ ಬರೋದು 2.1 ಡೆಸಿಬಲ್. ವಾಲ್ಯೂಮ್ ಗುಂಡಿಯನ್ನ ಒಂಚೂರು ತಿರುಗಿಸಿದಷ್ಟು!

ಇನ್ನೊಂದು ಲೆಕ್ಕ. ಸ್ಪೀಕರ್ ಸೆನ್ಸಿಟಿವಿಟಿ 88 ಡೆಸಿಬಲ್, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು. ನೀವು 3 ಮೀಟರ್ ದೂರ ಕೂತರೆ, ಗೋಡೆಯ ಪ್ರತಿಧ್ವನಿ ಬಿಟ್ಟು ಲೆಕ್ಕ ಹಾಕಿದರೂ, 9.5 ಕಳೆದು 78.5 ಉಳಿಯುತ್ತೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್. ಅಂದರೆ ಬರೀ 1 ವ್ಯಾಟ್‌ನಲ್ಲೇ ವಾರ್ಡನ್ ಬಾಗಿಲು ತಟ್ಟುವಷ್ಟು ಸದ್ದು ಬರುತ್ತೆ. ಉಳಿದ ವ್ಯಾಟ್ ಎಲ್ಲ ಡೋಲಿನ ಪೆಟ್ಟು, ಸಿನಿಮಾದ ಸ್ಫೋಟ ಇಂಥ ಕ್ಷಣಗಳಿಗೆ. ರೂಮಿಗೆ, ಕಾಮನ್ ರೂಮಿಗೆ ಎರಡು ಚಾನೆಲ್‌ನಲ್ಲಿ ಅಳೆದ 60 ಅಥವಾ 80 ವ್ಯಾಟ್ ಧಾರಾಳ. ವ್ಯಾಟ್‌ಗೆ ಕೊಡೋ ದುಡ್ಡನ್ನ ಸ್ಪೀಕರ್‌ಗೆ ಕೊಡಿ.

ಓಮ್ ಮಾತ್ರ ನೋಡಲೇಬೇಕು. ನಿಮ್ಮ ಸ್ಪೀಕರ್ 4 ಓಮ್ ಆಗಿದ್ದು, ರಿಸೀವರ್ ಹಿಂದೆ ಕನಿಷ್ಠ 6 ಓಮ್ ಅಂತ ಬರೆದಿದ್ದರೆ, ಜೋರಾಗಿ ಹಾಕಿದಾಗ ಅದು ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗಬಹುದು.

ನಾವು ಬಿದ್ದ ಹಳ್ಳ

ಇಷ್ಟೆಲ್ಲ ಓದಿಕೊಂಡು ಹೋಗಿದ್ವಿ. ಆದರೂ ಬಿದ್ವಿ.

ಬೆಂಗಳೂರಿನಲ್ಲೇ ಒಬ್ಬರು ಮನೆಯಲ್ಲಿ 2012ರ 5.1 ರಿಸೀವರ್ ಮಾರ್ತಿದ್ರು. ಎಚ್‌ಡಿಎಂಐ 1.4, ಎಆರ್‌ಸಿ ಇದೆ, ರಿಮೋಟ್ ಇದೆ. ಹೇಳಿದ್ದು 8,000. ನಾವು ಚೌಕಾಸಿ ಮಾಡಿ 6,500ಕ್ಕೆ ಇಳಿಸಿದ್ವಿ. ಅವರು ಐದು ನಿಮಿಷ ಒಂದು ಹಾಡು ಹಾಕಿ ತೋರಿಸಿದ್ರು, ಅದ್ಭುತವಾಗಿ ಕೇಳಿಸ್ತು. "ಬೇಗ ಹೇಳಿ, ಇನ್ನೊಬ್ರು ದಾರಿಯಲ್ಲಿದ್ದಾರೆ" ಅಂದ್ರು. ನಮ್ಮ ಬ್ಯಾಗಿನಲ್ಲಿ ಲ್ಯಾಬಿನಿಂದ ಕೇಳಿ ತಂದ ಮಲ್ಟಿಮೀಟರ್ ಇತ್ತು. ಹೊರಗೇ ತೆಗೀಲಿಲ್ಲ. ದೊಡ್ಡವರ ಮನೆ, ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟಿದ್ದಾರೆ, ಅವರ ಎದುರು ಮೀಟರ್ ತೆಗೆದರೆ ಅನುಮಾನ ಪಟ್ಟ ಹಾಗೆ ಆಗಲ್ವಾ ಅನ್ನೋ ಸಂಕೋಚ. ದುಡ್ಡು ಕೊಟ್ಟು ಆಟೋ ಹತ್ತಿದ್ವಿ.

ಶನಿವಾರ ಸಿನಿಮಾ ಹಾಕಿದ್ವಿ. 40 ನಿಮಿಷ ಆದ ಮೇಲೆ ಸದ್ದು ಕಟ್. ಆಫ್ ಮಾಡಿ ಆನ್ ಮಾಡಿದರೆ ಎರಡು ನಿಮಿಷ ಬರುತ್ತೆ, ಮತ್ತೆ ಹೋಗುತ್ತೆ. ರಾತ್ರಿ ಪೂರ್ತಿ ತಣ್ಣಗಾದ ಮೇಲೆ ಬೆಳಿಗ್ಗೆ ಸರಿ ಇತ್ತು, 40 ನಿಮಿಷಕ್ಕೆ ಮತ್ತೆ ಅದೇ ಕಥೆ. ಎಚ್‌ಡಿಎಂಐ ಬೋರ್ಡ್ ಬಿಸಿಯಾದಾಗ ಕೈಕೊಡ್ತಿತ್ತು. ಬಿಸಿಗೆ ಲೋಹ ಹಿಗ್ಗುತ್ತೆ, ಬಿರುಕು ಬಿಟ್ಟ ಸಣ್ಣ ಸೋಲ್ಡರ್ ಜಾಯಿಂಟ್ ಇದ್ದರೆ ಅಲ್ಲಿ ಸಂಪರ್ಕ ತಪ್ಪುತ್ತೆ. ಇಂಥ ಹಳೇ ಬೋರ್ಡ್‌ಗಳಲ್ಲಿ ಇದು ಸಾಮಾನ್ಯ ರೋಗ. ಐದು ನಿಮಿಷದ ಡೆಮೋದಲ್ಲಿ ಇದು ಸಿಕ್ಕೋದೇ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ನಮ್ಮನೇಲಿ ಸರಿ ಇತ್ತಲ್ಲ" ಅಂದ್ರು. ಅವರಿಗೆ ಗೊತ್ತಿತ್ತೋ ಇಲ್ವೋ, ಸಾಬೀತು ಮಾಡೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಅಗ್ಗಕ್ಕೆ ಸಿಕ್ತು ಅಂತ ಮುಗ್ಗು ಜೋಳ ತಂದ ಹಾಗಾಯ್ತು.

ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದಾಗ ನಾವು "ಕೇಬಲ್ ಪ್ರಾಬ್ಲಂ, ಬೇರೆ ತರ್ತೀವಿ" ಅಂದ್ವಿ. ಅದು ಸುಳ್ಳು. ಇವತ್ತು ಇಲ್ಲಿ ಒಪ್ಕೊಳ್ತಿದ್ದೀವಿ.

ಆಮೇಲೆ ಎರಡು ವಯಸ್ಸಿನ ವಿಷಯ ನೆನಪಾಯ್ತು. ಕೆಟ್ಟಿರೋದು ಡಿಜಿಟಲ್ ಭಾಗದ ಒಂದು ಬಾಗಿಲು ಮಾತ್ರ, ಆಂಪ್ಲಿಫೈಯರ್ ಅಲ್ಲ. ರಿಸೀವರ್ ಹಿಂದೆ ಆಪ್ಟಿಕಲ್ ಇನ್‌ಪುಟ್ ಇತ್ತು, ಟಿವಿ ಹಿಂದೆ ಆಪ್ಟಿಕಲ್ ಔಟ್‌ಪುಟ್ ಇತ್ತು. 300 ರೂಪಾಯಿ ಕೇಬಲ್ ತಂದು ಚುಚ್ಚಿದ್ವಿ. ಮೂರು ಗಂಟೆ ಓಡಿತು, ನಿಲ್ಲಲಿಲ್ಲ. ಇವತ್ತಿಗೂ ಓಡ್ತಿದೆ. ಆಪ್ಟಿಕಲ್‌ನಲ್ಲಿ ಲಾಸ್‌ಲೆಸ್ ಸರೌಂಡ್ ಬರಲ್ಲ, ಸ್ಟೀರಿಯೋ ಪಿಸಿಎಂ ಮತ್ತು 5.1 ಡಾಲ್ಬಿ ಡಿಜಿಟಲ್ ಬರುತ್ತೆ. ನಮ್ಮ ಎರಡು ಸ್ಪೀಕರ್‌ಗೆ ಅದು ಬೇಕಾದಷ್ಟಾಯ್ತು. ಆದರೆ ಇದು ಬುದ್ಧಿವಂತಿಕೆ ಅಲ್ಲ, ಅದೃಷ್ಟ. ಟಿವಿಯಲ್ಲಿ ಆಪ್ಟಿಕಲ್ ಇಲ್ಲದಿದ್ದರೆ ನಾವು ಮುಖ ತೋರಿಸೋ ಹಾಗಿರಲಿಲ್ಲ.

ಒಂದು ಗಂಟೆಯ ಪರೀಕ್ಷೆ

ಈಗ ಯಾರಾದರೂ ಕೇಳಿದರೆ ನಾವು ಹೇಳೋ ಕ್ರಮ ಇದು. ಜೊತೆಗೆ ಒಯ್ಯಬೇಕಾದದ್ದು: ಲ್ಯಾಪ್‌ಟಾಪ್, ಎಚ್‌ಡಿಎಂಐ ಕೇಬಲ್, ಒಂದು ಸಣ್ಣ ಸ್ಪೀಕರ್ ಮತ್ತು ಅದರ ವೈರ್, ಮಲ್ಟಿಮೀಟರ್. ಫೋನಿನಲ್ಲೇ ಹೇಳಿಬಿಡಿ: "ಅಂಕಲ್, ಒಂದು ಗಂಟೆ ಆನ್ ಮಾಡಿ ನೋಡ್ತೀವಿ, ಪರವಾಗಿಲ್ವಾ?" ಮೊದಲೇ ಕೇಳಿದರೆ ಆಮೇಲೆ ಸಂಕೋಚ ಇರಲ್ಲ. ಆಗಲ್ಲ ಅಂದವರ ಮನೆಗೆ ಹೋಗೋದೇ ಬೇಡ.

1. ಹೋದ ತಕ್ಷಣ ಪೆಟ್ಟಿಗೆ ಮುಟ್ಟಿ ನೋಡಿ. ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ, ತಣ್ಣಗಿದ್ದಾಗ ಆನ್ ಆಗದ ತೊಂದರೆ ಮುಚ್ಚಿಹೋಗುತ್ತೆ.

2. ಆನ್ ಮಾಡಿ. ಕೆಲವು ಸೆಕೆಂಡ್ ಆದ ಮೇಲೆ ಒಳಗೆ 'ಟಕ್' ಅಂತ ರಿಲೇ ಸದ್ದು ಬರಬೇಕು. ಅದು ಬಾರದೆ ಲೈಟ್ ಮಿಣುಕಿದರೆ, ಇಲ್ಲಾ ಟಕ್ ಟಕ್ ಅಂತ ಹೊಡ್ಕೊಳ್ತಾನೇ ಇದ್ದರೆ ಪ್ರೊಟೆಕ್ಷನ್ ಮೋಡ್. ನಮಸ್ಕಾರ ಹೇಳಿ ಹೊರಡಿ.

3. ಸ್ಪೀಕರ್ ಜೋಡಿಸೋ ಮೊದಲು, ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿ, ಪ್ರತಿ ಸ್ಪೀಕರ್ ಟರ್ಮಿನಲ್‌ನ ಕೆಂಪು ಮತ್ತು ಕಪ್ಪಿನ ನಡುವೆ ಡಿಸಿ ಮಿಲಿವೋಲ್ಟ್ ಅಳೆಯಿರಿ. 20, 30ರ ಒಳಗೆ ಇದ್ದರೆ ನೆಮ್ಮದಿ. 50 ದಾಟಿದರೆ ಅನುಮಾನ. 100 ದಾಟಿದರೆ ಬೇಡ. ಮೀಟರ್ ಕಡ್ಡಿ ಎರಡೂ ಒಂದಕ್ಕೊಂದು ತಾಗದ ಹಾಗೆ ಹುಷಾರಾಗಿ.

4. ಸೆಟಪ್ ಮೆನುವಿನಲ್ಲಿ ಟೆಸ್ಟ್ ಟೋನ್ ಇರುತ್ತೆ. ನಿಮ್ಮ ಸಣ್ಣ ಸ್ಪೀಕರನ್ನ ಒಂದೊಂದೇ ಚಾನೆಲ್‌ಗೆ ಬದಲಿಸಿ ಕೇಳಿ. ವೈರ್ ಬದಲಿಸುವಾಗ ಪ್ರತಿಸಲ ಆಫ್ ಮಾಡಿ. ಒಂದು ಚಾನೆಲ್ ಸತ್ತಿದ್ದರೂ ಬೆಲೆ ಅರ್ಧ ಆಗಬೇಕು.

5. ಲ್ಯಾಪ್‌ಟಾಪ್‌ನಿಂದ ಎಲ್ಲ ಎಚ್‌ಡಿಎಂಐ ಇನ್‌ಪುಟ್, ಟಿವಿಯಿಂದ ಎಆರ್‌ಸಿ, ಆಪ್ಟಿಕಲ್ ಒಂದೊಂದಾಗಿ ನೋಡಿ. ಆಮೇಲೆ ಎಚ್‌ಡಿಎಂಐಯಲ್ಲೇ ಬಿಟ್ಟು, ಕೇಳಬಹುದಾದಷ್ಟು ಜೋರಾಗಿ ಇಟ್ಟು, 45 ನಿಮಿಷ ಓಡಿಸಿ. ನಾವು ಬಿಟ್ಟ ಹೆಜ್ಜೆ ಇದೇ.

6. ಅಷ್ಟರಲ್ಲಿ ವಾಲ್ಯೂಮ್ ಗುಂಡಿ ನಿಧಾನಕ್ಕೆ ತಿರುಗಿಸಿ. ನಂಬರ್ ಹಿಂದೆ ಮುಂದೆ ಹಾರಿದರೆ ಗುಂಡಿಯ ಎನ್‌ಕೋಡರ್ ಸವೆದಿದೆ. ರಿಮೋಟ್ ಇದ್ದರೆ ನಡೆಯುತ್ತೆ, ಆದರೆ ಚೌಕಾಸಿಗೆ ಒಳ್ಳೆ ಕಾರಣ.

7. ರಿಮೋಟ್ ಜೊತೆ ಸೆಟಪ್ ಮೈಕ್ ಕೇಳಿ. ರೂಮಿಗೆ ತಕ್ಕ ಹಾಗೆ ಸದ್ದು ಹೊಂದಿಸೋಕೆ ಅದು ಬೇಕು. ಕಂಪನಿಗಳು ತಮ್ಮ ಮೈಕ್‌ಗೆ ತಕ್ಕ ಹಾಗೆ ಲೆಕ್ಕ ಬರೆದಿರುತ್ತವೆ, ಬೇರೆ ಯಾವುದೋ ಮೈಕ್ ಚುಚ್ಚಿದರೆ ಅಳತೆ ತಪ್ಪುತ್ತೆ.

ಯಾವ ಕಾರಣಕ್ಕೂ ಮುಚ್ಚಳ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಲ್ಯಾಬಿನ 5 ವೋಲ್ಟ್ ಅಲ್ಲ ಅದು.

ಅಮೆರಿಕದಿಂದ ಬಂದ ಪೆಟ್ಟಿಗೆ

ಬೆಂಗಳೂರಿನಲ್ಲಿ ಇದೊಂದು ವಿಶೇಷ. ಅಮೆರಿಕದಿಂದ ವಾಪಸ್ ಬಂದವರು ತಂದ ರಿಸೀವರ್ ಅಗ್ಗಕ್ಕೆ ಸಿಗುತ್ತೆ. ಹಿಂದಿನ ಪ್ಲೇಟ್ ಓದಿ: 120 ವೋಲ್ಟ್, 60 ಹರ್ಟ್ಸ್ ಅಂತ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಚುಚ್ಚೋ ಹಾಗಿಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ಬೆಲೆ, ತೂಕ ಎರಡೂ ಲೆಕ್ಕಕ್ಕೆ ಸೇರಿಸಿ. ಅದು ವೋಲ್ಟೇಜ್ ಬದಲಿಸುತ್ತೆ, ಫ್ರೀಕ್ವೆನ್ಸಿ ಬದಲಿಸಲ್ಲ. ಟ್ರಾನ್ಸ್‌ಫಾರ್ಮರ್ ಕೋರ್‌ನ ಫ್ಲಕ್ಸ್ ಅಂದರೆ ವೋಲ್ಟೇಜ್ ಭಾಗಿಸು ಫ್ರೀಕ್ವೆನ್ಸಿ. 60ಕ್ಕೆ ಮಾಡಿದ್ದನ್ನ 50ರಲ್ಲಿ ಓಡಿಸಿದರೆ ಫ್ಲಕ್ಸ್ 1.2 ಪಟ್ಟು, ಬಿಸಿ ಜಾಸ್ತಿ. ಬಿಸಿ ಏನು ಮಾಡುತ್ತೆ ಅಂತ ಮೇಲೆ ನೋಡಿದ್ವಿ. ಪ್ಲೇಟ್ ಮೇಲೆ 50/60 ಅಂತ ಇದ್ದರೆ ಈ ಚಿಂತೆ ಇಲ್ಲ.

ಇನ್ನೊಂದು ತಮಾಷೆ. ಅಲ್ಲಿನ ಎಎಂ ರೇಡಿಯೋ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಓಡುತ್ತೆ, ನಮ್ಮದು 9ರಲ್ಲಿ. ಆಕಾಶವಾಣಿ ಬೆಂಗಳೂರು 612. ಹೆಜ್ಜೆ ಬದಲಿಸೋ ಸೌಲಭ್ಯ ಇಲ್ಲದಿದ್ದರೆ 610 ಬರುತ್ತೆ, 620 ಬರುತ್ತೆ, 612 ಮಾತ್ರ ಸರಿಯಾಗಿ ಕೂರಲ್ಲ!

ಸಿನಿಮಾಗೆ ಹೇಗೆ, ಹಾಡಿಗೆ ಹೇಗೆ?

ಮನೆಗೆ ತಂದ ಮೇಲೆ ಮೊದಲು ಮಾಡಬೇಕಾದ್ದು, ಯಾವ ಸ್ಪೀಕರ್ ಇದೆ, ಯಾವುದು ಇಲ್ಲ ಅಂತ ರಿಸೀವರ್‌ಗೆ ಹೇಳೋದು. ಸಿನಿಮಾದ 5.1 ಸದ್ದಿನಲ್ಲಿ ಡೈಲಾಗ್ ಬಹುಪಾಲು ಸೆಂಟರ್ ಚಾನೆಲ್‌ನಲ್ಲಿ ಇರುತ್ತೆ. ನಮ್ಮ ಹತ್ತಿರ ಸೆಂಟರ್ ಸ್ಪೀಕರ್ ಇರಲಿಲ್ಲ, ಆದರೆ ಸೆಟ್ಟಿಂಗ್‌ನಲ್ಲಿ 'ಇದೆ' ಅಂತ ಇತ್ತು. ಮೊದಲ ದಿನ ಹೀರೋ ಬಾಯಿ ಆಡಿಸ್ತಾನೆ, ಹಿನ್ನೆಲೆ ಸಂಗೀತ ಗುಡುಗುತ್ತೆ, ಮಾತೇ ಇಲ್ಲ. ಸೆಂಟರ್ 'ಇಲ್ಲ' ಅಂತ ಬದಲಿಸಿದ ತಕ್ಷಣ ಆ ಮಾತು ಎಡ ಬಲ ಎರಡಕ್ಕೂ ಹಂಚಿಕೊಂಡು ಮಧ್ಯದಿಂದ ಬಂದ ಹಾಗೆ ಕೇಳಿಸ್ತು.

ಸಾಲುಗಟ್ಟಿ ಕೂರುವ ಕಡೆ ಮಾತ್ರ ನಿಜವಾದ ಸೆಂಟರ್ ಸ್ಪೀಕರ್ ಬೇಕೇ ಬೇಕು. ಎರಡೇ ಸ್ಪೀಕರ್ ಇದ್ದರೆ ಬದಿಯಲ್ಲಿ ಕೂತವರಿಗೆ ಮಾತು ಹತ್ತಿರದ ಸ್ಪೀಕರ್‌ನಿಂದಲೇ ಬರುತ್ತೆ. ಸೆಂಟರ್ ಇದ್ದರೆ ಹಳೇ ಸಿನಿಮಾಗೂ ಲಾಭ. 1954ರ 'ಬೇಡರ ಕಣ್ಣಪ್ಪ' ಕಾಲದ ಚಿತ್ರಗಳ ಸದ್ದು ಮೋನೋ. ಅದನ್ನ ಡಾಲ್ಬಿ ಪ್ರೊ ಲಾಜಿಕ್ ಥರದ ಮೋಡ್‌ನಲ್ಲಿ ಹಾಕಿದರೆ, ಎಡ ಬಲದಲ್ಲಿ ಒಂದೇ ಥರ ಇರೋ ಸದ್ದು ಸೆಂಟರ್‌ಗೆ ಹೋಗಿ, ಮಾತು ಪರದೆಯ ಮಧ್ಯದಿಂದಲೇ ಬರುತ್ತೆ.

ಹಾಡಿಗೆ ಉಲ್ಟಾ. ಸ್ಟೀರಿಯೋ ಅಥವಾ ಡೈರೆಕ್ಟ್ ಮೋಡ್ ಒತ್ತಿ, 'ಹಾಲ್', 'ಸ್ಟೇಡಿಯಂ' ಅನ್ನೋ ಎಫೆಕ್ಟ್‌ಗಳನ್ನೆಲ್ಲ ಬಿಡಿ. ಹಾಡುಗಾರರು ಎರಡು ಸ್ಪೀಕರ್ ನಡುವೆ ನಿಂತು ಹಾಡಿದ ಹಾಗೆ ಕೇಳಿಸಿದರೆ ವೈರ್ ಸರಿ ಇದೆ ಅಂತ. ದನಿ ಎಲ್ಲೋ ತೇಲ್ತಿದೆ, ಬೇಸ್ ಕಾಣೆಯಾಗಿದೆ ಅನ್ನಿಸಿದರೆ ಒಂದು ಸ್ಪೀಕರ್‌ನ ಕೆಂಪು ಕಪ್ಪು ಅದಲುಬದಲು ಆಗಿರಬಹುದು. ಸಬ್‌ವೂಫರ್ ಇದ್ದರೆ ಕ್ರಾಸ್‌ಓವರ್ 80 ಹರ್ಟ್ಸ್‌ನಿಂದ ಶುರು ಮಾಡಿ. ಸಣ್ಣ ಸ್ಪೀಕರ್‌ಗೆ ಕಷ್ಟದ ಕೆಲಸ ತಪ್ಪುತ್ತೆ, ಆಂಪ್ಲಿಫೈಯರ್‌ಗೂ ಹಗುರ.

ಕೊನೆಗೆ ಲೆಕ್ಕ

ಬಂದ ದುಡ್ಡು 7,800. ರಿಸೀವರ್‌ಗೆ 6,500, ಆಪ್ಟಿಕಲ್ ಕೇಬಲ್‌ಗೆ 300, ಸ್ಪೀಕರ್ ವೈರ್‌ಗೆ 400, ಆಟೋಗೆ 250. ಉಳಿದದ್ದು 350.

ಎಚ್‌ಡಿಎಂಐ ಕೆಟ್ಟಿದೆ ಅಂತ ಅವತ್ತೇ ಗೊತ್ತಾಗಿದ್ದರೆ ನಾವು 4,000ಕ್ಕಿಂತ ಜಾಸ್ತಿ ಕೊಡ್ತಿರಲಿಲ್ಲ. ಮಿಕ್ಕ 2,500 ನಮ್ಮ ಸಂಕೋಚದ ಬೆಲೆ. ಬ್ಯಾಗಿನಲ್ಲಿದ್ದ ಮೀಟರ್ ತೆಗೆಯೋಕೆ, ಇನ್ನೂ 40 ನಿಮಿಷ ಕೂರ್ತೀವಿ ಅಂತ ಹೇಳೋಕೆ ನಾಚಿಕೊಂಡ್ವಿ. ನಮ್ಮ ಸ್ವಂತ ದುಡ್ಡಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಇದು 52 ಜನರದ್ದು. ಆ 2,500ನ್ನ ನಾವು ಮೂವರೂ ಸೇರಿ ಹಾಸ್ಟೆಲ್ ಫಂಡ್‌ಗೆ ಈ ತಿಂಗಳು ವಾಪಸ್ ಹಾಕ್ತಿದ್ದೀವಿ. ಎಲ್ಲರೂ ಒಪ್ಪಿದರೆ ಅದರಲ್ಲಿ ಒಂದು ಹಳೇ ಸೆಂಟರ್ ಸ್ಪೀಕರ್ ತರೋಣ. ಈ ಸಲ ಒಂದು ಗಂಟೆ ಕೂತು, ಕೇಳಿ, ಅಳೆದು ತರ್ತೀವಿ.

ನೀವೂ ರಿಸೀವರ್ ನೋಡೋಕೆ ಹೊರಟಿದ್ದರೆ ನಮಗೆ ಹೇಳಿ, ಮೀಟರ್ ಹಿಡ್ಕೊಂಡು ಜೊತೆಗೆ ಬರ್ತೀವಿ. ಕಾಫಿ ಕೊಟ್ಟರೆ ಕುಡಿಯೋಣ. ಆದರೆ 45 ನಿಮಿಷ ಆಗೋವರೆಗೂ ಏಳೋದು ಬೇಡ.